ಚಾಟಿ ಯಾರ ಕೈಲಿದೆ? 1971ರ ಕೆಲವು ರೆಕಾರ್ಡುಗಳು

1972ರಲ್ಲಿ ಮುಂಬಯಿಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಅಂತ ಹೆಸರಿಟ್ಟರು. ಅಮೆರಿಕದ ಓಕ್‌ಲ್ಯಾಂಡಿನಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರು ಅದು. ನಮ್ಮ ಓದುಗರಿಗೆ ಇದು ಹೊಸ ಸಂಗತಿಯೇನಲ್ಲ. ಆ ಕಡೆಯಿಂದ ನಮ್ಮ ಕಡೆಗೆ ಹೆಸರು ಬಂತು, ಕವಿತೆ ಬಂತು, ಮಾಲ್ಕಮ್ ಎಕ್ಸ್ ಬಂದ, ಮಾರ್ಟಿನ್ ಲೂಥರ್ ಕಿಂಗ್ ಬಂದ. ಹಾಡು ಮಾತ್ರ ಬರಲಿಲ್ಲ. ಬಂದ ಅಷ್ಟಿಷ್ಟು ಕೂಡ ಇಂಗ್ಲಿಷ್ ಬಲ್ಲವರ ಮನೆಯ ಗ್ರಾಮಫೋನಿನ ಮೇಲೆ ಸುತ್ತಿ ಅಲ್ಲೇ ನಿಂತಿತು. ಈಗ ಹಾಸ್ಟೆಲ್ ಹುಡುಗನ ಫೋನಿನಲ್ಲೂ ಅವೆಲ್ಲ ಸಿಗುತ್ತವೆ. ಕೇಳದೆ ಇರೋದಕ್ಕೆ ನೆಪ ಉಳಿದಿಲ್ಲ.

ಒಂದೇ ಒಂದು ವರ್ಷವನ್ನು ಹಿಡಿದು ನೋಡೋಣ. ಆ ಹೆಸರು ಮುಂಬಯಿಗೆ ಬರುವುದಕ್ಕೆ ಹಿಂದಿನ ವರ್ಷ, 1971. ವಿಯೆಟ್ನಾಮಿನಲ್ಲಿ ಯುದ್ಧ ನಡೆದೇ ಇತ್ತು. ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಜೈಲಿನೊಳಗೆ ಹೋರಾಟಗಾರ, ಲೇಖಕ ಜಾರ್ಜ್ ಜಾಕ್ಸನ್ ಕಾವಲುಗಾರರ ಗುಂಡಿಗೆ ಸತ್ತ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಟಿಕಾ ಸೆರೆಮನೆಯ ಕೈದಿಗಳು ತಮ್ಮನ್ನು ಮನುಷ್ಯರ ಹಾಗೆ ನಡೆಸಿಕೊಳ್ಳಿ ಅಂತ ಎದ್ದು ನಿಂತರು. ಸರ್ಕಾರ ಗುಂಡು ಹಾರಿಸುತ್ತಾ ಒಳಗೆ ನುಗ್ಗಿತು. ಒಟ್ಟು 43 ಜನ ಸತ್ತರು. ಇಂಥ ವರ್ಷದಲ್ಲಿ ಹೊರಬಂದ ರೆಕಾರ್ಡುಗಳಲ್ಲಿ ನಮಗೆ ಹಿಡಿಸಿದ ಕೆಲವು, ನಿರಾಸೆ ಮಾಡಿದ ಕೆಲವು ಇಲ್ಲಿವೆ. ಶ್ರುತಿ ತಾಳಗಳ ಪಾಂಡಿತ್ಯ ನಮ್ಮದಲ್ಲ. ನಮ್ಮ ಪ್ರಶ್ನೆ ಒಂದೇ: ಏಟು ಬೀಳುತ್ತಿರುವ ಹೊತ್ತಿನಲ್ಲಿ ಈ ಹಾಡು ಎಲ್ಲಿ ನಿಂತಿದೆ? ತಿನ್ನುವವರ ಪಕ್ಕದಲ್ಲೋ, ಹೊಡೆಯುವವನ ಪಕ್ಕದಲ್ಲೋ, ಇಲ್ಲಾ ಟಿಕೀಟು ತಗೊಂಡು ನೋಡುವವರ ಸಾಲಿನಲ್ಲೋ?

ಮೊದಲ ಜಾಗ ಗಿಲ್ ಸ್ಕಾಟ್-ಹೆರನ್‌ನ 'ಪೀಸಸ್ ಆಫ್ ಎ ಮ್ಯಾನ್'ಗೆ. ಮನುಷ್ಯನೊಬ್ಬನ ಚೂರುಗಳು ಅಂತ ಅರ್ಥ. ಹಾಡಿದವನಿಗೆ ಆಗ 22 ವರ್ಷ. ಟೆನೆಸಿಯಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆದವನು, ಆ ಹೊತ್ತಿಗಾಗಲೇ ಒಂದು ಕಾದಂಬರಿ ಬರೆದಿದ್ದವನು. ಈ ರೆಕಾರ್ಡಿನ ಮೊದಲ ಹಾಡು ಕ್ರಾಂತಿ ಟೀವಿಯಲ್ಲಿ ಬರುವುದಿಲ್ಲ ಎಂದು ಹೇಳುವಂಥದು. ಅದರ ಹೆಸರು ಲೋಕಕ್ಕೆಲ್ಲ ಗೊತ್ತು. ಹಿಂದಿನ ವರ್ಷ ಬರೀ ಕೈವಾದ್ಯಗಳ ಜೊತೆ ಹೇಳಿದ್ದ ಅದನ್ನೇ ಇಲ್ಲಿ ರಾನ್ ಕಾರ್ಟರ್‌ನ ಬೇಸ್, ಹ್ಯೂಬರ್ಟ್ ಲಾಸ್‌ನ ಕೊಳಲು ಹೊತ್ತು ನಡೆಸುತ್ತವೆ. ಚುರುಕಾದ ಹಾಡು, ನಗಿಸುವ ಹಾಡು. ಜಾಹೀರಾತುಗಳನ್ನೆಲ್ಲ ಒಂದೊಂದಾಗಿ ಹಿಡಿದು ಕಪಾಳಕ್ಕೆ ಬಾರಿಸುತ್ತದೆ. ಆದರೆ ಕ್ರಾಂತಿ ಎಂಬ ಪದ ಇರುವುದರಿಂದಲೇ ಈ ಹಾಡನ್ನು ಹೊತ್ತು ಮೆರೆಸಿದವರು ಅದೇ ಪ್ಲೇಟನ್ನು ಮಗುಚಿ ಹಾಕಿ ಎರಡನೆಯ ಬದಿ ಕೇಳಿದ ಹಾಗೆ ಕಾಣುವುದಿಲ್ಲ.

ರೆಕಾರ್ಡಿಗೆ ಹೆಸರು ಕೊಟ್ಟ ಹಾಡು ಇರುವುದು ಅಲ್ಲಿ. ಅದರಲ್ಲಿ ಮೆರವಣಿಗೆಯಿಲ್ಲ, ಬಂದೂಕಿಲ್ಲ. ಒಂದು ಮನೆ. ಅಪ್ಪ ಬಾಗಿಲಲ್ಲಿ ಪೋಸ್ಟ್‌ಮ್ಯಾನ್‌ನನ್ನು ಮಾತಾಡಿಸುತ್ತಾನೆ. ಬಂದಿರುವುದು ಕೆಲಸದಿಂದ ತೆಗೆದುಹಾಕಿದ ಕಾಗದ. ಮನಸ್ಸಿಗೆ ಹಚ್ಚಿಕೋಬೇಡ, ಇನ್ನೂ ಒಂಬತ್ತು ಜನಕ್ಕೆ ಹೀಗೇ ಆಗಿದೆ ಅಂತ ಪೋಸ್ಟ್‌ಮ್ಯಾನ್ ಸಮಾಧಾನ ಹೇಳುತ್ತಾನೆ. ಕಾಗದ ಹರಿದು ಚೂರಾಗುತ್ತದೆ. ಅಜ್ಜಿ ಪೊರಕೆ ತಂದು ಗುಡಿಸುತ್ತಾಳೆ, ಏನನ್ನು ಗುಡಿಸುತ್ತಿದ್ದೇನೆ ಅಂತ ಆ ಮುದುಕಿಗೆ ಗೊತ್ತಾಗದು. ಕೊನೆಗೆ ಪೊಲೀಸರ ಗಾಡಿಯ ಸದ್ದು. ಎಲ್ಲವನ್ನೂ ನೋಡುತ್ತಾ ನಿಂತಿರೋದು ಮಗ. ಅಪ್ಪ ಏನು ಮಾಡಿದ ಅಂತ ಹಾಡು ಹೇಳುವುದೇ ಇಲ್ಲ. ಅವನಿಗೆ ಏನಾಯಿತು ಅನ್ನುವುದಷ್ಟನ್ನೇ ಹೇಳುತ್ತದೆ.

ಗೆಳೆಯರು ಇದನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನಮ್ಮ ಎಷ್ಟೋ ಕವಿತೆಗಳಲ್ಲಿ ಗೌಡ ಬರುತ್ತಾನೆ, ಅವನ ಮೀಸೆ ಬರುತ್ತದೆ, ಚಾಟಿ ಬರುತ್ತದೆ. ಬರಬೇಕಾದ್ದೇ. ಆದರೆ ಇಲ್ಲಿ ಧಣಿಯ ಮುಖವೇ ಇಲ್ಲ. ಇರುವ ಒಬ್ಬ ಪೋಸ್ಟ್‌ಮ್ಯಾನ್ ಒಳ್ಳೆಯವನು. ಬಂಡವಾಳಶಾಹಿ ಒಬ್ಬನ ಬೆನ್ನು ಮುರಿಯುವುದಕ್ಕೆ ಇವತ್ತು ಯಾರೂ ಎದುರು ಬಂದು ನಿಲ್ಲಬೇಕಿಲ್ಲ, ಒಂದು ಅಂಚೆ ಚೀಟಿ ಸಾಕು. ಘೋಷಣೆಯಿಲ್ಲದೆ ಇಷ್ಟನ್ನು ಹೇಳಿದ ಹಾಡು ಆ ವರ್ಷ ಇನ್ನೊಂದು ನಮಗೆ ಸಿಗಲಿಲ್ಲ.

ಎರಡನೆಯದು ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್'. 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ 500 ಶ್ರೇಷ್ಠ ರೆಕಾರ್ಡುಗಳ ಪಟ್ಟಿಯಲ್ಲಿ ಇದನ್ನೇ ಮೊದಲು ಇಟ್ಟಿತು. ಅವರು ಇಟ್ಟರು ಅಂತ ನಾವು ಕೇಳಬೇಕಾಗಿಲ್ಲ. ಕೇಳಬೇಕಾದ್ದು ಅದು ಹುಟ್ಟಿದ ಬಗೆಗಾಗಿ. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಮಾಲೀಕ ಬೆರಿ ಗಾರ್ಡಿ ಕಪ್ಪು ಮನುಷ್ಯನೇ. ಕಾರು ತಯಾರಿಸುವ ಕಾರ್ಖಾನೆಯಲ್ಲಿ ದುಡಿದಿದ್ದವನು. ಕಾರಿನ ಬಿಡಿಭಾಗ ಜೋಡಿಸುವ ಹಾಗೇ ಹಾಡುಗಳನ್ನೂ ಸಾಲಿನಲ್ಲಿ ಇಟ್ಟು ತಯಾರಿಸಿ, ಬಿಳಿಯರ ಮನೆಗಳಲ್ಲೂ ಮಾರಾಟವಾಗುವಂತೆ ಮಾಡಿದ ಜಾಣ. ಅಲ್ಲಿ ಪ್ರೇಮಗೀತೆ ಹಾಡಿ ಹೆಸರಾದ ಗೇ, ಯುದ್ಧದ ಬಗ್ಗೆ, ಬೀದಿಯ ಪೊಲೀಸರ ಬಗ್ಗೆ, ತೆರಿಗೆ ಕಟ್ಟಿ ಬರಿಗೈಯಾದ ಕೇರಿಗಳ ಬಗ್ಗೆ ಹಾಡಿಕೊಂಡು ಬಂದಾಗ ಗಾರ್ಡಿ ಒಪ್ಪಲಿಲ್ಲ. ಗೇಯ ತಮ್ಮ ವಿಯೆಟ್ನಾಮಿನಿಂದ ತಿರುಗಿ ಬಂದಿದ್ದ. ತಮ್ಮನ ಬಾಯಲ್ಲಿ ಕೇಳಿದ್ದನ್ನು ನುಂಗಿಕೊಂಡು ಮತ್ತೆ ಪ್ರೇಮಗೀತೆ ಹಾಡಲು ಅಣ್ಣನಿಂದ ಆಗಲಿಲ್ಲ. ಹಠ ಹಿಡಿದ. ಜನವರಿಯಲ್ಲಿ ಹಾಡು ಹೊರಬಿತ್ತು, ಜನ ಮುಗಿಬಿದ್ದು ಕೊಂಡರು, ಮಾಲೀಕ ಬಾಯಿ ಮುಚ್ಚಿದ. ಮೇ ತಿಂಗಳಲ್ಲಿ ಪೂರ್ತಿ ರೆಕಾರ್ಡೇ ಬಂತು. ನಮ್ಮವನೇ ಮಾಲೀಕನಾದರೆ ಎಲ್ಲ ಸರಿಹೋಯಿತು ಅಂದುಕೊಳ್ಳುವವರು ಈ ಕಥೆಯನ್ನು ಇನ್ನೊಂದು ಸಲ ಓದಿಕೊಳ್ಳಲಿ.

ಇನ್ನೊಂದು ಮಾತು. ಮೋಟೌನಿನ ಹಿಟ್ ಹಾಡುಗಳಿಗೆಲ್ಲ ವಾದ್ಯ ನುಡಿಸಿದವರು ಒಂದೇ ಗುಂಪಿನ ಆಳುಗಳು, ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಅವರಲ್ಲೊಬ್ಬ. ವರ್ಷಗಟ್ಟಲೆ ಅವರ ಹೆಸರನ್ನು ರಕ್ಷಾಪುಟದ ಮೇಲೆ ಹಾಕುತ್ತಲೇ ಇರಲಿಲ್ಲ. ಇದರ ಮೇಲೆ ಹಾಕಿದರು. ಊರ ಜಾತ್ರೆಯ ಕರಪತ್ರದಲ್ಲಿ ದಾನಿಗಳ ಹೆಸರೆಲ್ಲ ಓದಿ ತಮಟೆಯವರ ಹೆಸರನ್ನು ಹುಡುಕಿದವರಿಗೆ ಇದು ಸಣ್ಣ ಸಂಗತಿಯಲ್ಲ.

ಈ ರೆಕಾರ್ಡಿನಲ್ಲಿ ದೇವರ ಹೆಸರು ಬಹಳ ಸಲ ಬರುತ್ತದೆ, ಇದು ಬಂಡಾಯ ಹೆಂಗಾಯ್ತು ಅಂತ ನಮ್ಮ ಕೆಲವು ವಿಚಾರವಾದಿ ಮಿತ್ರರು ಕೇಳಬಹುದು. ಅವರ ಚರ್ಚು ನಮ್ಮ ಊರಿನ ಗುಡಿಯಲ್ಲ. ಕಪ್ಪು ಜನ ತಾವೇ ಕಟ್ಟಿಕೊಂಡ, ತಮ್ಮನ್ನು ಯಾರೂ ಹೊರಗೆ ನಿಲ್ಲಿಸದಿದ್ದ ಜಾಗ ಅದು. ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಸಭೆಗಳು 1955ರಲ್ಲಿ ಸೇರಿದ್ದು ಅಂಥ ಚರ್ಚುಗಳಲ್ಲೇ. ಆದರೂ ಗೇಯ ದನಿ ಅಲ್ಲಲ್ಲಿ ತೀರಾ ಜೇನಿನಲ್ಲಿ ಅದ್ದಿದಂತಾಗಿ, ಹಸಿವಿನ ಮಾತೂ ಜೋಗುಳದಂತೆ ಕೇಳುತ್ತದೆ ಎಂಬ ತಕರಾರು ನಮಗೂ ಉಂಟು. ಕೊನೆಯ ಹಾಡು, ಕೇರಿಯ ಬದುಕಿನದು, ಆ ತಕರಾರನ್ನು ಬಹುಮಟ್ಟಿಗೆ ತೀರಿಸುತ್ತದೆ.

ನವೆಂಬರಿನಲ್ಲಿ ಬಂದ ಸ್ಲೈ ಸ್ಟೋನ್‌ನ 'ದೇರ್ಸ್ ಎ ರಯಟ್ ಗೋಯಿನ್ ಆನ್' ಇದಕ್ಕೆ ತಿರುಗುಬಾಣ. ಹೆಸರೇ ಗೇಯ ಪ್ರಶ್ನೆಗೆ ಉತ್ತರದಂತಿದೆ: ಏನು ನಡೆದಿದೆ ಅಂದ್ರೆ, ದೊಂಬಿ ನಡೆದಿದೆ. ಕಪ್ಪು ಬಿಳಿ, ಹೆಣ್ಣು ಗಂಡು ಎಲ್ಲರನ್ನೂ ಒಂದೇ ತಂಡದಲ್ಲಿ ಕೂಡಿಸಿ, ಎಲ್ಲರೂ ಒಂದೇ ಎಂದು ಕುಣಿಸಿದ್ದವನು ಈತ. ಇಲ್ಲಿ ಅವನ ದನಿ ಕುಸಿದಿದೆ. ತಂಡ ಒಡೆಯುತ್ತಿದೆ, ಮಾದಕದ್ರವ್ಯ ಆಳನ್ನು ತಿನ್ನುತ್ತಿದೆ, ಡ್ರಮ್ ಬಡಿಯುವ ಮನುಷ್ಯನ ಜಾಗದಲ್ಲಿ ಯಂತ್ರ ಬಡಿಯುತ್ತಿದೆ. ಒಂದೇ ಟೇಪಿನ ಮೇಲೆ ಅಳಿಸಿ ಬರೆದು, ಅಳಿಸಿ ಬರೆದು, ಹಾಡಿನ ಹಿಂದೆ ಸುಯ್ ಅನ್ನೋ ಸದ್ದು ನಿಂತುಬಿಟ್ಟಿದೆ. ದೊಂಬಿ ಎಂಬ ಹೆಸರಿನ ಹಾಡಿನ ಉದ್ದ ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು. ಇದನ್ನು ಸೋಲಿನ ಹಾಡು, ಪ್ರತಿಗಾಮಿ ಅಂತ ತಳ್ಳಿಹಾಕಬಾರದು. ಚಳವಳಿ ಸೋತ ಊರಲ್ಲಿ ಹುಡುಗರು ಹೆಂಗಾಗ್ತಾರೆ ಅನ್ನೋದನ್ನು ಯಾರಾದರೂ ಹೇಳಬೇಕಲ್ಲ. 2025ರಲ್ಲಿ ತೀರಿಕೊಂಡ ಸ್ಲೈ ಅದನ್ನು 1971ರಲ್ಲೇ ಹೇಳಿದ್ದ.

ಹೆಣ್ಣಿನ ದನಿ? ಅರೀತಾ ಫ್ರಾಂಕ್ಲಿನ್‌ಳ ಫಿಲ್ಮೋರ್ ವೆಸ್ಟ್ ಕಛೇರಿಯ ರೆಕಾರ್ಡು ಆ ವರ್ಷದ್ದೇ. ಕುಣಿಯಲು ಬಂದ ಹಿಪ್ಪಿಗಳ ಸಭೆಯನ್ನು ಪ್ರಾರ್ಥನೆಯ ಸಭೆ ಮಾಡಿಬಿಡುತ್ತಾಳೆ. ಅದಕ್ಕೂ ಕೆಲವು ತಿಂಗಳ ಹಿಂದೆ, ಜೈಲಿನಲ್ಲಿದ್ದ ಏಂಜೆಲಾ ಡೇವಿಸ್‌ಗೆ ಜಾಮೀನಿನ ಹಣ ತಾನು ಕಟ್ಟುತ್ತೇನೆ ಅಂತ ಬಹಿರಂಗವಾಗಿ ಹೇಳಿದ್ದವಳು ಅವಳು. ಹಾಡಿಗೆ ಇಂಥ ಬೆನ್ನೆಲುಬೂ ಇರುತ್ತದೆ.

ಇನ್ನು ನಿರಾಸೆಯ ಮಾತು. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಟಿಕಿ ಫಿಂಗರ್ಸ್'. ಏಪ್ರಿಲಿನಲ್ಲಿ ಬಂತು. ರಕ್ಷಾಪುಟದ ಮೇಲೆ ಗಂಡಸಿನ ಪ್ಯಾಂಟು, ಅದಕ್ಕೆ ನಿಜವಾದ ಜಿಪ್ಪು. ಮೊದಲ ಹಾಡು 'ಬ್ರೌನ್ ಶುಗರ್'. ಗುಲಾಮರ ಹಡಗು, ನ್ಯೂ ಆರ್ಲಿಯನ್ಸಿನ ಸಂತೆ, ನಡುರಾತ್ರಿ ಹೆಂಗಸರಿಗೆ ಚಾಟಿ ಬೀಸುವ ಧಣಿ. ಅಷ್ಟು ಹೇಳಿ ಮುಗಿಯುವ ಹೊತ್ತಿಗೆ ಹಾಡುಗಾರ ಆ ಕಪ್ಪು ಹುಡುಗಿಯ ಮೈಯ ರುಚಿ ಹೊಗಳುತ್ತಿರುತ್ತಾನೆ. ಅಮೆರಿಕದಲ್ಲಿ ಈ ಹಾಡು ಮಾರಾಟದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಕೆಟ್ಟ ಹಾಡಾಗಿದ್ದರೆ ಬಿಟ್ಟುಬಿಡಬಹುದಿತ್ತು. ಗಿಟಾರು ಶುರುವಾದ ಕೂಡಲೇ ಕಾಲು ತಾನಾಗಿ ತಾಳ ಹಾಕುತ್ತದೆ, ನಮ್ಮ ಕಾಲೂ ಹಾಕುತ್ತದೆ. ಸಮಸ್ಯೆ ಇರೋದೇ ಅಲ್ಲಿ. ಚಾಟಿ ಬೀಸುವ ಸಾಲಿಗೆ ಸರಿಯಾಗಿ ಜನ ಚಪ್ಪಾಳೆ ತಟ್ಟುತ್ತಾರೆ. 2021ರಲ್ಲಿ ತಂಡ ಈ ಹಾಡನ್ನು ತನ್ನ ಕಛೇರಿಗಳಿಂದ ಕೈಬಿಟ್ಟಾಗ, ಇದು ಗುಲಾಮಗಿರಿಯ ಘೋರವನ್ನೇ ಹೇಳುವ ಹಾಡಲ್ಲವೆ, ಜನಕ್ಕೆ ಅದು ತಿಳಿಯದೆ ಎಂಬರ್ಥದಲ್ಲಿ ಕೀತ್ ರಿಚರ್ಡ್ಸ್ ಬೇಸರಪಟ್ಟ. ಈ ವಾದವನ್ನು ನಾವು ಹಾಡಿನ ಎದುರಿಗೇ ಇಟ್ಟು ನೋಡಿದೆವು. ಘೋರವನ್ನು ಹೇಳುವ ಹಾಡಿನಲ್ಲಿ ಏಟು ತಿಂದವಳಿಗೆ ಒಂದಾದರೂ ಮಾತು ಬೇಡವೆ? ಇಲ್ಲಿ ಅವಳಿಗೆ ಹೆಸರಿಲ್ಲ, ಕಣ್ಣೀರಿಲ್ಲ, ಸಿಟ್ಟಿಲ್ಲ. ಹಾಡು ಶುರುವಾದಾಗ ಚಾಟಿ ಧಣಿಯ ಕೈಲಿತ್ತು, ಮುಗಿಯುವಾಗ ಹಾಡುಗಾರನ ನಾಲಿಗೆಯಲ್ಲಿದೆ. ಸ್ಕಾಟ್-ಹೆರನ್‌ನ ಹಾಡಿನಲ್ಲಿ ಮಗ ನಿಂತು ನೋಡಿದ ಜಾಗ ಒಂದು, ಇಲ್ಲಿ ಮಿಕ್ ಜಾಗರ್ ನಿಂತು ನೋಡುವ ಜಾಗ ಇನ್ನೊಂದು. 1995ರಲ್ಲಿ ಜಾಗರ್ ತಾನೇ, ಈಗಾದರೆ ಅಂಥ ಹಾಡು ಬರೆಯುತ್ತಿರಲಿಲ್ಲ ಅಂದಿದ್ದ. ಬರೆದು 26 ವರ್ಷ ದುಡಿಸಿಕೊಂಡ ಮೇಲೆ ಅಂದ ಮಾತು.

ಈ ಹಾಡು ಧ್ವನಿಮುದ್ರಣವಾದದ್ದು 1969ರ ಡಿಸೆಂಬರಿನಲ್ಲಿ, ಅಲಬಾಮಾದಲ್ಲಿ, ಒಂದು ಕಾಲದ ಹತ್ತಿಹೊಲಗಳ ನಾಡಿನಲ್ಲೇ. ಅದಾಗಿ ಕೆಲವೇ ದಿನಕ್ಕೆ ಆಲ್ಟಮಾಂಟಿನ ಬಯಲಿನಲ್ಲಿ ಮೊದಲ ಸಲ ಜನರೆದುರು ಹಾಡಿದರು. ಅದೇ ಸಂಜೆ ಅದೇ ವೇದಿಕೆಯ ಎದುರು 18 ವರ್ಷದ ಕಪ್ಪು ಹುಡುಗ ಮೆರಿಡಿತ್ ಹಂಟರ್ ಇರಿತಕ್ಕೆ ಬಿದ್ದಿದ್ದ. ರೆಕಾರ್ಡಿನ ಒಳಗೆ ಮಿಸಿಸಿಪಿಯ ರೈತ ಫ್ರೆಡ್ ಮೆಕ್‌ಡೊವೆಲ್ ಹಾಡಿಕೊಂಡು ಬಂದ ಒಂದು ಹಾಡೂ ಇದೆ. ಅದನ್ನು ಸ್ಟೋನ್ಸ್ ಹಾಡಿದ್ದನ್ನು ಬಿಟ್ಟು ಮೆಕ್‌ಡೊವೆಲ್ ಹಾಡಿದ್ದನ್ನೇ ಹುಡುಕಿ ಕೇಳಿ. ಮುದುಕನ ಬೆರಳು ತಂತಿಯ ಮೇಲೆ ಜಾರಿದರೆ ಇವರ ಅಷ್ಟೂ ಗದ್ದಲ ಸಪ್ಪೆ.

ಜಾನ್ ಲೆನನ್‌ನ 'ಇಮ್ಯಾಜಿನ್' ಬಗ್ಗೆ ಹೆಚ್ಚು ಬರೆಯುವ ಉಮೇದಿಲ್ಲ. ಆಸ್ತಿಯೇ ಇಲ್ಲದ ಲೋಕವನ್ನು ಊಹಿಸಿಕೊಳ್ಳಿ ಅಂತ ಹೇಳುವ ಹಾಡಿನ ಚಿತ್ರದಲ್ಲಿ ಆತ ಕೂತಿರುವುದು ತನ್ನದೇ ಬಂಗಲೆಯಲ್ಲಿ, ಬಿಳಿಯ ಪಿಯಾನೋ ಮುಂದೆ. ಊಹೆ ಮಾಡಲು ನಮಗೇನೂ ಕಷ್ಟವಿಲ್ಲ ಸ್ವಾಮಿ, ಆಸ್ತಿಯಿಲ್ಲದೆ ಬದುಕಿ ನಮಗೆ ರೂಢಿಯಿದೆ. ಅದೇ ರೆಕಾರ್ಡಿನಲ್ಲಿ ರಾಜಕಾರಣಿಗಳನ್ನು ಹಿಡಿದು ನಿಜ ಹೇಳ್ರೋ ಅಂತ ಬೈಯುವ ಹಾಡಿದೆ, ಅದು ಚೆನ್ನಾಗಿದೆ.

ಕೊನೆಗೆ ಯಾವ ಸಾಲಿಗೆ ಸೇರಿಸೋದು ಅಂತ ಜಗಳ ಹತ್ತಿಸಿದ ರೆಕಾರ್ಡೊಂದು, 'ಬಾಂಗ್ಲಾದೇಶಕ್ಕಾಗಿ ಕಛೇರಿ'. ಒಂದು ಕೋಟಿಯಷ್ಟು ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದ ವರ್ಷ ಅದು. ರವಿಶಂಕರ್ ಕೇಳಿಕೊಂಡರು, ಜಾರ್ಜ್ ಹ್ಯಾರಿಸನ್ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಕಛೇರಿ ನಡೆಸಿದ. ವಾದ್ಯಗಳ ಶ್ರುತಿ ಸರಿಮಾಡಿಕೊಂಡದ್ದಕ್ಕೇ ಜನ ಭರ್ಜರಿ ಚಪ್ಪಾಳೆ ತಟ್ಟಿದ್ದು ರೆಕಾರ್ಡಿನಲ್ಲಿ ಇವತ್ತಿಗೂ ಕೇಳುತ್ತದೆ. ಟಿಕೀಟಿನ ಹಣ 2,43,418 ಡಾಲರ್ ಬೇಗ ತಲುಪಿತು. ರೆಕಾರ್ಡು ಮತ್ತು ಸಿನಿಮಾದ ಹಣ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹಸಿದವರು ಅಷ್ಟು ವರ್ಷ ಕಾಯುತ್ತಾರೆಯೆ? ಆದರೂ ಮೂರು ಪ್ಲೇಟುಗಳಲ್ಲಿ ಮೊದಲನೆಯದರ ಮೊದಲ ಬದಿಯನ್ನು ನಾವು ಮತ್ತೆ ಮತ್ತೆ ಹಾಕಿದೆವು. ರವಿಶಂಕರ್, ಅಲಿ ಅಕ್ಬರ್ ಖಾನ್ ಅಲ್ಲಿ ದರ್ಬಾರಿನ ರಾಗ ಹಿಡಿಯದೆ ಬಂಗಾಳದ ಜನಪದ ಧಾಟಿಯನ್ನು ನುಡಿಸಿದ್ದಾರೆ, ಅಲ್ಲಾ ರಖಾ ತಬಲ ಜೊತೆಗಿದೆ. ಉಳಿದ ಐದು ಬದಿಗಳಲ್ಲಿ ನಕ್ಷತ್ರಗಳು ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ಹಳೆಯ ಹಿಟ್ ಹಾಡುಗಳನ್ನು ಹಾಡಿ ಹೋಗುತ್ತಾರೆ. ಬಾಂಗ್ಲಾದ ಹೆಸರು ಹೊತ್ತ ಹಾಡು ಬರುವುದು ಕಟ್ಟಕಡೆಗೆ.