ಓತಿ ತಪ್ಪಿಸಿಕೊಂಡ ಮೇಲೆ

ತೇಜಸ್ವಿಯವರ 'ಕರ್ವಾಲೊ' (1980) ನಮ್ಮ ಎಂ.ಎ. ತರಗತಿಗಳಲ್ಲಿ ಹೆಚ್ಚಾಗಿ ಪರಿಸರದ, ವಿಕಾಸವಾದದ ಕಾದಂಬರಿಯಾಗಿ ಚರ್ಚೆಗೆ ಬರುತ್ತದೆ. ಅದು ಸಂಶೋಧಕನ ಮನಸ್ಸಿನ ಕಾದಂಬರಿಯೂ ಹೌದು. ಪ್ರಬಂಧದ ಮೊದಲ ಅಧ್ಯಾಯವನ್ನೇ ಹತ್ತು ಸಲ ತಿದ್ದುತ್ತ, ಗೈಡಿನ ಕಣ್ಣು ತಪ್ಪಿಸಿ ಓಡಾಡುವವರು ಅದನ್ನು ಹಾಗೊಮ್ಮೆ ಓದಿ ನೋಡಬೇಕು.

ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲರಾಂಡ್ ಮತ್ತು ಸಂಗಡಿಗರು 2003ರಲ್ಲಿ ಉತ್ಕಟ ಆಸಕ್ತಿಯನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ಬದುಕಿನ ಉಳಿದ ಸಂಗತಿಗಳ ಜೊತೆ ಹೊಂದಿಕೊಂಡು ಹೋಗುವಂಥದ್ದು. ಇನ್ನೊಂದು, ಮನುಷ್ಯನನ್ನೇ ಹಿಡಿದು ಆಡಿಸುವಂಥದ್ದು. ಈ ಎರಡನೆಯದರಲ್ಲಿ ಕೆಲಸ ಕೆಟ್ಟರೆ ತಾನೇ ಕೆಟ್ಟೆನೆಂಬ ಭಾವ ಬರುತ್ತದೆ. ಆತ್ಮಗೌರವ ಹೀಗೆ ಫಲಿತಾಂಶಕ್ಕೆ ಕಟ್ಟುಬಿದ್ದಾಗ ಪರಿಪೂರ್ಣತೆಯ ಹಟ ಒಂದು ಅಡಗುತಾಣವಾಗುತ್ತದೆ. ಮುಗಿಸದ ಬರಹವನ್ನು ಯಾರೂ ತಿರಸ್ಕರಿಸಲಾರರಲ್ಲ!

ಕರ್ವಾಲೊ ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕವರು. ಕೊನೆಗೆ ಅದು ಕೈಗೆ ಸಿಗದೆ ಕಣಿವೆಯ ಕಡೆ ತೇಲಿ ಮರೆಯಾಗುತ್ತದೆ. ಪರಿಪೂರ್ಣತೆಯ ಲೆಕ್ಕದಲ್ಲಿ ಇದು ಸೋಲು. ಕಾದಂಬರಿ ಮಾತ್ರ ಅದನ್ನು ಸೋಲಿನಂತೆ ಬರೆಯುವುದಿಲ್ಲ. ಹುಡುಕುವ ದಾರಿಯಲ್ಲಿ ಕಂಡ ಹುಳುಹುಪ್ಪಟೆ, ಒಡನಾಡಿದ ಮನುಷ್ಯರು ಓತಿಯಷ್ಟೇ ಜಾಗ ಪಡೆಯುತ್ತಾರೆ. ಉತ್ಕಟತೆ ಇದೆ, ಉಸಿರುಗಟ್ಟುವಿಕೆ ಇಲ್ಲ.

ಮಂದಣ್ಣನ ಪಾತ್ರ ಇನ್ನೂ ಮುಖ್ಯ. ಊರ ಕಣ್ಣಿಗೆ ದಡ್ಡನಂತೆ ಕಾಣುವ ಅವನಲ್ಲಿ ಕರ್ವಾಲೊ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಓತಿ ಸಿಗುವ ಮೊದಲೇ ಈ ಮನ್ನಣೆ ಸಿಕ್ಕಿದೆ ಎಂಬುದನ್ನು ಗಮನಿಸಬೇಕು. ಅವನ ಬೆಲೆ ಅವನು ಕಾಣುವ ರೀತಿಯಲ್ಲಿದೆ, ಹಿಡಿದು ತರುವ ವಸ್ತುವಿನಲ್ಲಿಲ್ಲ.

ಇಲ್ಲೊಂದು ತಕರಾರೂ ಇದೆ. ಕರ್ವಾಲೊ ಆಗಲೇ ನೆಲೆ ನಿಂತ ವಿಜ್ಞಾನಿ. ಓತಿ ತಪ್ಪಿಸಿಕೊಂಡರೆ ಅವರ ಅನ್ನಕ್ಕೆ ಕುತ್ತಿಲ್ಲ. ಫೆಲೋಶಿಪ್ಪಿನ ಗಡುವು, ಮನೆಯವರ ನಿರೀಕ್ಷೆ, ಸಿಗದ ನೌಕರಿ ಇವುಗಳ ನಡುವೆ ಇರುವ ವಿದ್ಯಾರ್ಥಿಗೆ 'ಹುಡುಕಾಟವೇ ಸಾಕು' ಎಂದರೆ ಕ್ರೂರ ಉಪದೇಶವಾದೀತು. ಹಾಗಾಗಿ ಕಾದಂಬರಿಯ ಪಾಠವನ್ನು ವಿದ್ಯಾರ್ಥಿಗಳಿಗಿಂತ ಮೊದಲು ಗೈಡುಗಳು ಕಲಿಯಬೇಕು. ಕರಡಿನಲ್ಲಿ ತಪ್ಪು ಗುರುತಿಸುವ ಮುನ್ನ ಅದರಲ್ಲಿ ಹೊಸದಾಗಿ ಕಂಡದ್ದೇನೆಂದು ಒಂದು ಮಾತು ಹೇಳಿದರೆ, ಮಂದಣ್ಣನಂಥವರು ಮುಂದಿನ ಅಧ್ಯಾಯಕ್ಕೆ ಕೈ ಹಾಕುತ್ತಾರೆ.