ಮತಕ್ಕೆ ಮಾತ್ರ ಊರಿನವರೇ?

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲಿ ಪಂಚಾಯ್ತಿ ಚುನಾವಣೆ ಬಂತೆಂದರೆ ಬೆಂಗಳೂರಿನಲ್ಲಿರುವವರ ಪಟ್ಟಿ ಸಿದ್ಧವಾಗುತ್ತದೆ. ಯಾರ ಮಗ ಪೀಣ್ಯದಲ್ಲಿದ್ದಾನೆ, ಯಾರ ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಯಾರಿಗೆ ರಜೆ ಸಿಗುವುದಿಲ್ಲ, ಎಲ್ಲವೂ ಅದರಲ್ಲಿರುತ್ತದೆ. ಹಿಂದಿನ ರಾತ್ರಿ ಟಿಟಿ ಗಾಡಿ ಹೊರಡುತ್ತದೆ. ಬೆಳಿಗ್ಗೆ ಮತ ಹಾಕಿದವರು ಸಂಜೆಗೆ ಮತ್ತೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ ಜನ ಗುಳೆ ಹೋಗುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಈ ರೂಢಿ ಬೇರೂರಿದೆ.

ಇದರಲ್ಲಿ ಒಳಿತೂ ಇದೆ. ಹತ್ತಿಪ್ಪತ್ತು ಮತಗಳಲ್ಲಿ ಸೋಲು ಗೆಲುವು ತೀರ್ಮಾನವಾಗುವ ವಾರ್ಡಿನಲ್ಲಿ ಊರು ಬಿಟ್ಟವರಿಗೂ ಬೆಲೆ ಬರುತ್ತದೆ. ಆದರೆ ಆ ಬೆಲೆಯನ್ನು ಕಟ್ಟುವವರು ಅಭ್ಯರ್ಥಿಗಳು. ಶಾಸನಸಭೆ, ಲೋಕಸಭೆ ಚುನಾವಣೆಗಳಲ್ಲಿ ಮತದಾರರನ್ನು ಮತಗಟ್ಟೆಗೆ ಬಿಟ್ಟಿಯಾಗಿ ಸಾಗಿಸಲು ಅಭ್ಯರ್ಥಿ ವಾಹನ ಗೊತ್ತುಮಾಡುವುದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ. ಗಾಡಿ ಕೊಟ್ಟವರ ಋಣದಲ್ಲಿ ಬಂದವರು ಚರಂಡಿಯ ಬಿಲ್ಲು ಏನಾಯಿತೆಂದು ಕೇಳುವುದು ಹೇಗೆ?

2020ರಲ್ಲಿ ಬೇರೆಯದೇ ಸಾಧ್ಯತೆ ಕಂಡಿತ್ತು. ಕೊರೊನಾ ಕಾಲದಲ್ಲಿ ಊರಿಗೆ ಮರಳಿದವರು ಪಂಚಾಯ್ತಿ ಕಟ್ಟೆ ಹತ್ತಿದ್ದು ನರೇಗಾ ಕೆಲಸ ಕೇಳಲು. ನಮೂನೆ 6 ತುಂಬಿಕೊಟ್ಟರೆ ದಿನಾಂಕವಿರುವ ರಸೀದಿ ಪಡೆಯುವುದು ಹಕ್ಕಾಗಿತ್ತು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಆ ಒಂದು ಚೀಟಿ ಕೈಯಲ್ಲಿದ್ದವನು ಯಾರ ಮುಲಾಜೂ ಇಲ್ಲದೆ ಪಿಡಿಒ ಮುಂದೆ ನಿಲ್ಲಬಹುದಿತ್ತು. ಅದೇ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಪಂಚಾಯ್ತಿ ಚುನಾವಣೆ ನಡೆಯಿತು. ಮರಳಿದವರ ರಾಜಕೀಯ ಬಲವನ್ನು ಅಳೆಯಬೇಕಾದ್ದು ಆ ರಸೀದಿಯಿಂದ, ಟಿಟಿ ಗಾಡಿಗಳ ಲೆಕ್ಕದಿಂದಲ್ಲ.

ಮರಳಿ ಬಂದವರೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಲೇಬೇಕು. ಅಮೆರಿಕದಲ್ಲಿ ಉದ್ಯಮ ನಡೆಸಿ ಬಂದ ದರ್ಶನ್ ಪುಟ್ಟಣ್ಣಯ್ಯ 2018ರ ವಿಧಾನಸಭಾ ಚುನಾವಣೆಯಲ್ಲಿ ಮೇಲುಕೋಟೆಯಲ್ಲಿ ಸೋತರು, 2023ರಲ್ಲಿ ಗೆದ್ದರು. ಅವರ ಹಿಂದೆ ತಂದೆ ಪುಟ್ಟಣ್ಣಯ್ಯನವರ ರೈತ ಚಳವಳಿಯಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬರುವ ಹೆಣ್ಣುಮಗಳಿಗೆ ಅಂಥ ಬೆನ್ನಾಸರೆಯಿಲ್ಲ. ಪಂಚಾಯ್ತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿದ್ದರೂ, ಪಿಎಫ್, ಓವರ್‌ಟೈಮ್ ಎಂದು ಮಾಲೀಕರನ್ನು ಕೇಳಿ ಪಳಗಿದ ಅವಳ ದನಿ ಊರಿನ ಸಭೆಯಲ್ಲಿ ಕೇಳಿಸುವುದಿಲ್ಲ.

ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳು ಮೀರಬಾರದೆಂದು ಕಾನೂನಿದೆ. ಅವುಗಳಲ್ಲಿ ಒಂದನ್ನಾದರೂ ಯುಗಾದಿಯ ಹೊಸತೊಡಕಿನ ಮಾರನೆಯ ದಿನ, ಬೆಂಗಳೂರಿನವರೆಲ್ಲ ಊರಲ್ಲಿರುವಾಗಲೇ ಕರೆಯಬೇಕು. ಮತ ಕೇಳಲು ಅವರ ವಿಳಾಸ ಹುಡುಕುವವರು ಲೆಕ್ಕ ಒಪ್ಪಿಸಲೂ ಅವರನ್ನು ಕರೆಯಲಿ.