ಯಂತ್ರನಾದ, ದೃಶ್ಯಗೀತೆ ಮತ್ತು ಹಿಮ್ಮೇಳ

ಜನಪದ ಹಾಡಿನ ಅಧ್ಯಯನ ನಮ್ಮಲ್ಲಿ ಬಹುಕಾಲ ಪಠ್ಯಕೇಂದ್ರಿತವಾಗಿಯೇ ಉಳಿಯಿತು. ಹಾಡಿನ ನಾದ ಬದಲಾದಾಗ ಅದರ ದೃಶ್ಯ ಏನಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಮುದನಾಳ, ಶಹಾಪುರ, ಸುರಪುರ ಪರಿಸರದಲ್ಲಿ ಜನ ನೋಡುವ ಜನಪದ ಗೀತೆಗಳ ವಿಡಿಯೊಗಳು ಈ ವಿಚಾರವನ್ನು ಅನಿವಾರ್ಯಗೊಳಿಸಿವೆ. ಅಂಥ ಹಲವು ವಿಡಿಯೊಗಳಲ್ಲಿ ಕಣ್ಣಿಗೆ ಕಾಣುವುದು ಹಲಗೆ, ಡೊಳ್ಳು. ಕಿವಿಗೆ ಬೀಳುವುದು ಕೀಬೋರ್ಡು ಮತ್ತು ರಿದಮ್ ಪ್ಯಾಡು.

ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯವನ್ನೇ ಆಧಾರವಾಗಿಸಿಕೊಂಡ ಪಾಶ್ಚಾತ್ಯ ಸಿಂಥ್-ಪಾಪ್‌ನ ಆರಂಭಿಕ ದೃಶ್ಯಗೀತೆಗಳು ಇದಕ್ಕೆ ವ್ಯತಿರಿಕ್ತವಾಗಿದ್ದವು. 1978ರ 'ದ ರೋಬೋಟ್ಸ್' ಗೀತೆಯಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ನಾಲ್ವರು ಕೆಂಪು ಅಂಗಿ, ಕಪ್ಪು ಟೈ ತೊಟ್ಟು ಯಂತ್ರಗೊಂಬೆಗಳಂತೆ ಚಲಿಸುತ್ತಾರೆ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ವಾಹಿನಿ ಮೊದಲಿಗೆ ಬಿತ್ತರಿಸಿದ್ದು ಬಗಲ್ಸ್ ತಂಡದ 'ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್'. ಅದರಲ್ಲಿಯೂ ಕೀಬೋರ್ಡುಗಳು ಎದ್ದು ಕಾಣುತ್ತವೆ. ಅದೇ ವರ್ಷದ ಹ್ಯೂಮನ್ ಲೀಗ್ ತಂಡದ 'ಡೋಂಟ್ ಯು ವಾಂಟ್ ಮಿ' ಗೀತೆಗೆ ಸಿನಿಮಾ ಚಿತ್ರೀಕರಣವೇ ವಸ್ತು. ಕೃತಕತೆಯನ್ನು ಕೃತಕತೆಯೆಂದೇ ತೋರಿಸಿದ್ದು ಈ ಶೈಲಿಯ ವೈಶಿಷ್ಟ್ಯ.

ಕನ್ನಡದಲ್ಲಿ ರವಿಚಂದ್ರನ್ ನಿರ್ದೇಶನ, ಹಂಸಲೇಖ ಸಂಗೀತದ 'ಪ್ರೇಮಲೋಕ' (1987) ಹಾಡನ್ನು ಸ್ವತಂತ್ರ ದೃಶ್ಯಘಟಕವಾಗಿ ಬೆಳೆಸಿತು. ಪಾಶ್ಚಾತ್ಯ ದೃಶ್ಯಗೀತೆಯ ನೇರ ಪ್ರಭಾವವನ್ನು ಇಲ್ಲಿ ಆರೋಪಿಸುವುದು ಅವಸರದ ಮಾತಾದೀತು. ಆದರೆ ವಿದ್ಯುನ್ಮಾನ ನಾದ ಮತ್ತು ಅಲಂಕೃತ ದೃಶ್ಯಗಳ ಅಭಿರುಚಿ ಜನಪ್ರಿಯವಾಗುವಲ್ಲಿ ಇಂಥ ಚಿತ್ರಗಳ ಪಾತ್ರವನ್ನು ಅಲ್ಲಗಳೆಯಲಾಗದು.

ಕೀಬೋರ್ಡು ಬಂದು ಜಾನಪದ ಕೆಟ್ಟಿತೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಇಡೀ ಮೇಳವನ್ನು ಸ್ಟುಡಿಯೊಗೆ ಕರೆದೊಯ್ಯಲಾರದ ಬಡ ಗಾಯಕನಿಗೆ ಅದು ದಾರಿ ತೆರೆಯಿತು. ಆಕ್ಷೇಪವಿರುವುದು ಮರೆಮಾಚುವಿಕೆಯ ಬಗ್ಗೆ. ಗೀಗೀ ಮೇಳದಲ್ಲಿ ಹಿಮ್ಮೇಳದವರು ಸೊಲ್ಲೆತ್ತಿದಾಗ ಮುಂದಿನವನಿಗೆ ಉಸಿರು ಸಿಗುತ್ತದೆ, ಮರೆತ ನುಡಿ ನೆನಪಾಗುತ್ತದೆ. ಎಳೆಯರು ಕಲಿಯುವುದೂ ಅಲ್ಲಿ ನಿಂತೇ. ವಿಡಿಯೊದಲ್ಲಿ ಈ ಜಾಗವನ್ನು ತುಂಬುವ ಕೀಬೋರ್ಡು ವಾದಕ ಚೌಕಟ್ಟಿನಿಂದ ಹೊರಗುಳಿಯುತ್ತಾನೆ. ಹಲಗೆಯವನು ಚೌಕಟ್ಟಿನೊಳಗಿದ್ದರೂ ಅವನ ಪೆಟ್ಟು ಕೇಳಿಸುವುದಿಲ್ಲ. ಒಬ್ಬನ ಮುಖ, ಇನ್ನೊಬ್ಬನ ನಾದ ಹೀಗೆ ಇಲ್ಲವಾಗುತ್ತವೆ.

ಆದ್ದರಿಂದ ಈ ವಿಡಿಯೊಗಳನ್ನು ದಾಖಲಿಸುವವರು ಹಾಡಿನ ಪಠ್ಯದೊಂದಿಗೆ ಯಾರು ನುಡಿಸಿದರು, ಯಾರು ನುಡಿಸುವಂತೆ ನಟಿಸಿದರು ಎಂಬುದನ್ನೂ ಬರೆದಿಡಬೇಕು. ಇಲ್ಲವಾದರೆ ಹಲಗೆಯ ಚಿತ್ರ ನಮ್ಮ ಸಂಗ್ರಹಗಳಲ್ಲಿ ಉಳಿದು, ಹಲಗೆ ಬಡಿಯಬಲ್ಲ ಕೈ ಊರಿನಲ್ಲಿ ಉಳಿಯದೆ ಹೋದೀತು.